ಕೀಟೋ ಆಮ್ಲತೆಯಿಂದ ಪಾರಾದ ಮೇಲೆ

1922ನೆಯ ಇಸವಿ ಜನವರಿ 11ನೆಯ ತಾರೀಖು ಕೆನಡಾ ದೇಶದ ಟೊರಾಂಟೊ ನಗರದ ಜನರಲ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಬಾಲಕನಿಗೆ ವೈದ್ಯರು ಒಂದು ಹೊಸ ಔಷಧವನ್ನು ಚುಚ್ಚಿದರು. ಹುಡುಗನಿಗೆ ಆಗ ಹದಿನಾಲ್ಕು ನಡೆಯುತ್ತಿತ್ತು. ದೇಹದ ತೂಕ ಮಾತ್ರ 30 ಕಿಲೋಗ್ರಾಮಿಗೂ ಕಡಿಮೆ. ಮಧುಮೇಹವು ಆತನನ್ನು ಎಲುಬಿನ ಹಂದರವನ್ನಾಗಿ ಮಾಡಿತ್ತು. ಆತನ ಮೂತ್ರದಲ್ಲಿ ಸಕ್ಕರೆಯೂ ಕೀಟೋನ್ ಎಂಬ ವಸ್ತುಗಳೂ ಹೇರಳವಾಗಿದ್ದವು. ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಎಂಬವರು ದನದ ಮೇದೋಜೀರಕ ಗ್ರಂಥಿಯಿಂದ ತೆಗೆದ ಆ ಸಾರವು ಮೊದಲ ಸಲ ಹೆಚ್ಚು ಗುಣವನ್ನು ತೋರಲಿಲ್ಲ. ಜೇಮ್ಸ್ ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞನು ಅದನ್ನು ಶುದ್ಧಿಗೊಳಿಸಿದ ಮೇಲೆ, ಜನವರಿ 23ರಂದು ಮತ್ತೆ ಚುಚ್ಚಿದರು. ಒಂದು ದಿನದೊಳಗೆ ರಕ್ತದ ಸಕ್ಕರೆಯ ಪ್ರಮಾಣವು 520 ಮಿಲಿಗ್ರಾಮಿನಿಂದ 120ಕ್ಕೆ ಇಳಿಯಿತು. ಮೂತ್ರದಲ್ಲಿದ್ದ ಕೀಟೋನುಗಳು ಮಾಯವಾದವು. ಅದುವರೆಗೆ ಯಾರೂ ಬದುಕಿ ಬರದಿದ್ದ ದಾರಿಯಿಂದ ಒಬ್ಬ ಬಾಲಕನು ಹಿಂದಿರುಗಿ ಬಂದಿದ್ದನು.

ಇನ್ಸುಲಿನ್ನಿನ ಈ ಕಥೆಯನ್ನು ಅನೇಕರು ಓದಿರುತ್ತಾರೆ. ಆದರೆ ಕಥೆಯು ಸಾಮಾನ್ಯವಾಗಿ ಅಲ್ಲಿಗೇ ನಿಂತುಬಿಡುತ್ತದೆ. ರೋಗಿಯು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಏನಾಗುತ್ತದೆ? ಆ ಆಪತ್ತು ದೇಹದಲ್ಲಿ ಏನಾದರೂ ಗುರುತನ್ನು ಉಳಿಸುವುದೇ? ಮುಂದಿನ ಹತ್ತು, ಇಪ್ಪತ್ತು, ಐವತ್ತು ವರ್ಷಗಳನ್ನು ಆತನು ಹೇಗೆ ಕಳೆಯಬಲ್ಲನು? ಈ ಪ್ರಶ್ನೆಗಳಿಗೆ ವಿಜ್ಞಾನವು ಕೊಡುವ ಉತ್ತರವನ್ನು ಇಲ್ಲಿ ಪರಿಶೀಲಿಸೋಣ.

ಆಪತ್ತು ಒದಗುವ ಬಗೆ

ನಾವು ಉಣ್ಣುವ ಅನ್ನ, ರಾಗಿ, ಜೋಳ ಮೊದಲಾದುವು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತವೆ. ರಕ್ತದಲ್ಲಿರುವ ಈ ಸಕ್ಕರೆಯನ್ನು ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳು ಒಳಗೆಳೆದುಕೊಳ್ಳಬೇಕಾದರೆ ಇನ್ಸುಲಿನ್ ಎಂಬ ಹಾರ್ಮೋನು ಬೇಕು. ಇನ್ಸುಲಿನ್ ಒಂದು ಬೀಗದ ಕೈಯಂತೆ. ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳಂತೆ ಚದುರಿರುವ ಕೆಲವು ಜೀವಕೋಶಗಳು ಇದನ್ನು ತಯಾರಿಸುತ್ತವೆ. ಮೊದಲನೆಯ ಬಗೆಯ ಮಧುಮೇಹದಲ್ಲಿ, ಪರಕೀಯ ಕ್ರಿಮಿಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಈ ಕೋಶಗಳನ್ನು ನಾಶಮಾಡುತ್ತದೆ. ಈ ಬಗೆಯ ರೋಗವು ಹೆಚ್ಚಾಗಿ ಬಾಲ್ಯದಲ್ಲಿಯೂ ತಾರುಣ್ಯದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಸಕ್ಕರೆ ತಿಂದುದರಿಂದಾಗಲಿ, ತಂದೆತಾಯಿಗಳ ಅಲಕ್ಷ್ಯದಿಂದಾಗಲಿ ಇದು ಬರುವುದಿಲ್ಲ.

ಇನ್ಸುಲಿನ್ ತೀರ ಕಡಿಮೆಯಾದಾಗ ಎರಡು ಕೇಡುಗಳು ಏಕಕಾಲದಲ್ಲಿ ಆರಂಭವಾಗುತ್ತವೆ. ಮೊದಲನೆಯದು, ರಕ್ತದಲ್ಲಿ ಸಕ್ಕರೆ ತುಂಬಿ ಮೂತ್ರಪಿಂಡಗಳ ಮೂಲಕ ಹೊರಕ್ಕೆ ಹರಿಯುತ್ತದೆ. ಹೋಗುವಾಗ ಅದು ನೀರನ್ನೂ ಲವಣಗಳನ್ನೂ ತನ್ನೊಡನೆ ಸೆಳೆದೊಯ್ಯುತ್ತದೆ. ಪದೇ ಪದೇ ಮೂತ್ರವಿಸರ್ಜನೆ, ತಣಿಯದ ಬಾಯಾರಿಕೆ, ಒಣಗಿದ ನಾಲಿಗೆ, ಇಳಿಯುವ ತೂಕ, ಇವೆಲ್ಲ ಇದರ ಪರಿಣಾಮ. ಎರಡನೆಯದು, ಕೆರೆಯ ದಡದಲ್ಲಿದ್ದೂ ನೀರು ಸಿಕ್ಕದವನಂತೆ, ರಕ್ತದ ತುಂಬ ಸಕ್ಕರೆಯಿದ್ದರೂ ಜೀವಕೋಶಗಳು ಹಸಿದಿರುತ್ತವೆ. ಆಗ ದೇಹವು ತನ್ನ ಕೊಬ್ಬನ್ನು ಕರಗಿಸತೊಡಗುತ್ತದೆ. ಕೊಬ್ಬಿನಿಂದ ಹೊರಬಿದ್ದ ಆಮ್ಲಗಳನ್ನು ಪಿತ್ತಜನಕಾಂಗವು ಕೀಟೋನುಗಳನ್ನಾಗಿ ಮಾರ್ಪಡಿಸುತ್ತದೆ. ಉಪವಾಸದ ದಿನ ನಮ್ಮೆಲ್ಲರ ದೇಹದಲ್ಲಿಯೂ ಕೀಟೋನುಗಳು ಸ್ವಲ್ಪ ಹುಟ್ಟುತ್ತವೆ. ಆದರೆ ಇನ್ಸುಲಿನ್ ಆ ಕಾರ್ಯಕ್ಕೆ ಕಡಿವಾಣವಾಗಿರುತ್ತದೆ. ಕಡಿವಾಣವೇ ಇಲ್ಲದಾಗ ಕೀಟೋನುಗಳು ರಾಶಿಯಾಗಿ ಬೆಳೆದು ರಕ್ತವನ್ನು ಆಮ್ಲಮಯಗೊಳಿಸುತ್ತವೆ.

ರಕ್ತದ ಆಮ್ಲತೆಯನ್ನು ಪಿ.ಎಚ್. ಎಂಬ ಮಾನದಿಂದ ಅಳೆಯುತ್ತಾರೆ. ಆರೋಗ್ಯವಂತನಲ್ಲಿ ಅದು 7.35ರಿಂದ 7.45ರವರೆಗೆ ಇರುತ್ತದೆ. ಈ ರೋಗದಲ್ಲಿ ಅದು 7.3ಕ್ಕಿಂತ ಕೆಳಗಿಳಿಯುತ್ತದೆ, ತೀವ್ರವಾದಾಗ 7ಕ್ಕಿಂತ ಕೆಳಗೂ ಹೋಗುವುದುಂಟು. ಅಂಕಿಗಳ ಅಂತರ ಅಲ್ಪವಾಗಿ ಕಂಡರೂ ದೇಹದ ಪಾಲಿಗೆ ಅದು ಮಹತ್ತರವಾದುದು. ಆಮ್ಲವನ್ನು ಹೊರಹಾಕಲು ರೋಗಿಯು ಆಳವಾಗಿಯೂ ವೇಗವಾಗಿಯೂ ಉಸಿರಾಡತೊಡಗುತ್ತಾನೆ. ಈ ಉಸಿರಾಟವನ್ನು 1874ರಲ್ಲಿ ವರ್ಣಿಸಿದವನು ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮೌಲ್. ಉಸಿರಿನಲ್ಲಿ ಕಳಿತ ಹಣ್ಣಿನಂಥ ವಾಸನೆ ಬರುತ್ತದೆ. ವಾಂತಿ, ಹೊಟ್ಟೆನೋವು, ಮಂಪರು, ಕೊನೆಗೆ ಪ್ರಜ್ಞಾಶೂನ್ಯತೆ. ಈ ಸ್ಥಿತಿಗೇ ಮಧುಮೇಹದ ಕೀಟೋ ಆಮ್ಲತೆ ಎಂದು ಹೆಸರು. ವೈದ್ಯರು ಇದನ್ನು ಸಂಕ್ಷೇಪವಾಗಿ ಡಿ.ಕೆ.ಎ. ಎನ್ನುತ್ತಾರೆ.

ಆಸ್ಪತ್ರೆಯ ಮೊದಲ ದಿನಗಳು

ಚಿಕಿತ್ಸೆಗೆ ಮೂರು ಅಂಗಗಳುಂಟು: ನೀರು ಮತ್ತು ಉಪ್ಪು, ಪೊಟ್ಯಾಸಿಯಂ, ಇನ್ಸುಲಿನ್. ಕಳೆದುಹೋದ ದ್ರವವನ್ನು ರಕ್ತನಾಳದ ಮೂಲಕ ತುಂಬುವುದು ಮೊದಲ ಕೆಲಸ. ಪೊಟ್ಯಾಸಿಯಂ ವಿಷಯದಲ್ಲಿ ಒಂದು ವಿಚಿತ್ರವಿದೆ. ಈ ಲವಣವು ಮೂತ್ರದಲ್ಲಿ ಅಪಾರವಾಗಿ ನಷ್ಟವಾಗಿದ್ದರೂ, ಜೀವಕೋಶಗಳೊಳಗಿನ ಪೊಟ್ಯಾಸಿಯಂ ರಕ್ತಕ್ಕೆ ಸೋರಿ ಬಂದಿರುವುದರಿಂದ ಪರೀಕ್ಷೆಯಲ್ಲಿ ಅದು ಸರಿಯಾಗಿರುವಂತೆ ತೋರಬಹುದು. ಇನ್ಸುಲಿನ್ ಕೊಟ್ಟೊಡನೆ ಅದು ಮತ್ತೆ ಕೋಶಗಳೊಳಗೆ ಹೋಗುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಕುಸಿದು ಹೃದಯದ ಬಡಿತವೇ ತಪ್ಪಬಹುದು. ಆದುದರಿಂದಲೇ ವೈದ್ಯರು ಗಂಟೆಗಂಟೆಗೂ ರಕ್ತ, ನಾಡಿ ಮತ್ತು ಪ್ರಜ್ಞೆಯನ್ನು ಪರೀಕ್ಷಿಸುತ್ತಾರೆ. ಈ ಚಿಕಿತ್ಸೆಯು ಮನೆಯಲ್ಲಿ ಮಾಡತಕ್ಕದ್ದಲ್ಲ.

ಇಲ್ಲಿ ಗಮನಿಸಬೇಕಾದ ಮತ್ತೊಂದು ಅಂಶವಿದೆ. ರಕ್ತದ ಸಕ್ಕರೆಯು ಕೆಲವು ಗಂಟೆಗಳಲ್ಲಿ ಇಳಿದರೂ ಆಮ್ಲತೆ ಅಷ್ಟು ಬೇಗ ಹೋಗುವುದಿಲ್ಲ. ಸಕ್ಕರೆ ಇಳಿಯಿತೆಂದು ಇನ್ಸುಲಿನ್ ನಿಲ್ಲಿಸಿದರೆ ಕೀಟೋನುಗಳು ಮತ್ತೆ ಹುಟ್ಟುತ್ತವೆ. ಆದುದರಿಂದ ವೈದ್ಯರು ಒಂದು ಕಡೆ ಗ್ಲೂಕೋಸನ್ನು ಕೊಡುತ್ತ, ಇನ್ನೊಂದು ಕಡೆ ಇನ್ಸುಲಿನ್ನನ್ನೂ ಮುಂದುವರಿಸುತ್ತಾರೆ. ಸಕ್ಕರೆ ರೋಗಕ್ಕೆ ಸಕ್ಕರೆಯನ್ನೇ ಕೊಡುತ್ತಿರುವರಲ್ಲ ಎಂದು ಬಂಧುಗಳು ಗಾಬರಿಯಾಗುವುದುಂಟು. ಆದರೆ ಅಲ್ಲಿ ವೈದ್ಯನು ಬೆನ್ನಟ್ಟುತ್ತಿರುವ ಶತ್ರು ಸಕ್ಕರೆಯಲ್ಲ, ಆಮ್ಲ.

ಇನ್ಸುಲಿನ್ ದೊರೆಯುವ ಮೊದಲು ಈ ಸ್ಥಿತಿಯನ್ನು ತಲಪಿದವರು ಬದುಕುವುದು ಅಸಂಭವವೆಂದೇ ಹೇಳಬೇಕು. ಇಂದು ಸುಸಜ್ಜಿತವಾದ ಆಸ್ಪತ್ರೆಗೆ ಸಕಾಲದಲ್ಲಿ ಬಂದ ಯುವಕರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನ ಸಾಯುತ್ತಾರೆ. ವೃದ್ಧರಲ್ಲಿ, ಬೇರೆ ರೋಗಗಳಿರುವವರಲ್ಲಿ ಮತ್ತು ತಡವಾಗಿ ಬಂದವರಲ್ಲಿ ಅಪಾಯ ಹೆಚ್ಚು.

ದೇಹದಲ್ಲಿ ಉಳಿಯುವ ಗುರುತುಗಳು

ಒಂದು ಸಲದ ಕೀಟೋ ಆಮ್ಲತೆಯಿಂದ ಪಾರಾದವರಲ್ಲಿ ಬಹುಮಂದಿ ಸಂಪೂರ್ಣವಾಗಿ ಚೇತರಿಸಿಕೊಳ್ಳುತ್ತಾರೆಂಬುದು ಮೊದಲು ಹೇಳಬೇಕಾದ ಮಾತು. ಕಳೆದ ತೂಕವು ಕೆಲವು ವಾರಗಳಲ್ಲಿ ಮರಳುತ್ತದೆ. ಮೂತ್ರಪಿಂಡಗಳು ನೀರಿನ ಅಭಾವದಿಂದ ಬಳಲಿದ್ದರೂ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಸರಿಹೋಗುತ್ತವೆ. ಕೆಲವರಿಗೆ ಕಣ್ಣು ಮಂಜಾಗುತ್ತದೆ. ಸಕ್ಕರೆಯ ಪ್ರಮಾಣ ಒಮ್ಮೆಲೆ ಬದಲಾದಾಗ ಕಣ್ಣಿನ ಮಸೂರದಲ್ಲಿರುವ ನೀರಿನ ಅಂಶವೂ ಬದಲಾಗಿ, ಮಸೂರದ ಆಕಾರವೇ ವ್ಯತ್ಯಾಸವಾಗುವುದು ಇದಕ್ಕೆ ಕಾರಣ. ಕೆಲವು ವಾರಗಳಲ್ಲಿ ದೃಷ್ಟಿ ತಾನಾಗಿಯೇ ತಿಳಿಯಾಗುತ್ತದೆ. ಅವಸರದಿಂದ ಹೊಸ ಕನ್ನಡಕ ಕೊಳ್ಳಬೇಕಾಗಿಲ್ಲ.

ಮೆದುಳಿನ ವಿಷಯ ಸ್ವಲ್ಪ ಗಂಭೀರವಾದುದು. ಮಕ್ಕಳಲ್ಲಿ, ನೂರು ಸಲ ಈ ಆಪತ್ತು ಬಂದರೆ ಒಂದು ಸಲಕ್ಕೂ ಕಡಿಮೆಯಾಗಿ, ಮೆದುಳು ಊದಿಕೊಂಡು ಪ್ರಾಣಾಪಾಯವುಂಟಾಗುತ್ತದೆ. ರಕ್ತನಾಳಕ್ಕೆ ದ್ರವವನ್ನು ವೇಗವಾಗಿ ಕೊಡುವುದೇ ಇದಕ್ಕೆ ಕಾರಣವೆಂಬ ಭಯವು ಬಹುಕಾಲ ವೈದ್ಯರಲ್ಲಿತ್ತು. ಅಮೆರಿಕದ 13 ಆಸ್ಪತ್ರೆಗಳಲ್ಲಿ 1,255 ಮಕ್ಕಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವು ಈ ಭಯವನ್ನು ಬಹುಮಟ್ಟಿಗೆ ಹೋಗಲಾಡಿಸಿತು. ದ್ರವವನ್ನು ವೇಗವಾಗಿ ಕೊಟ್ಟವರಿಗೂ ನಿಧಾನವಾಗಿ ಕೊಟ್ಟವರಿಗೂ ಮೆದುಳಿನ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಊತವಿಲ್ಲದ ಮಕ್ಕಳಲ್ಲಿಯೂ ತೀವ್ರವಾದ ಆಮ್ಲತೆಯ ತರುವಾಯ ನೆನಪು ಮತ್ತು ಏಕಾಗ್ರತೆಗಳಲ್ಲಿ ಅಲ್ಪ ಕುಂದು ಕಂಡುಬರುವುದೆಂದು ಹಲವು ಅಧ್ಯಯನಗಳು ತೋರಿಸಿವೆ. ಪರೀಕ್ಷೆಯಿಂದ ಮಾತ್ರ ಗೊತ್ತಾಗುವಷ್ಟು ಚಿಕ್ಕ ವ್ಯತ್ಯಾಸ ಅದು. ಅದರಿಂದ ಮಗುವಿನ ಓದು ಕೆಡಲೇಬೇಕೆಂದೇನೂ ಇಲ್ಲ. ಆದರೆ ಆಪತ್ತು ಪದೇ ಪದೇ ಬಂದರೆ ಇಂಥ ಕುಂದು ಹೆಚ್ಚುವ ಸಂಭವವಿದೆ.

ಅಮೆರಿಕದ ಕೊಲೊರಾಡೊ ಪ್ರಾಂತದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹದಿನೈದು ವರ್ಷಗಳವರೆಗೆ ಅನುಸರಿಸಿ ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನವು ಇನ್ನೊಂದು ವಿಷಯವನ್ನು ಬೆಳಕಿಗೆ ತಂದಿತು. ರೋಗವು ಪತ್ತೆಯಾದಾಗಲೇ ಕೀಟೋ ಆಮ್ಲತೆಗೆ ಗುರಿಯಾಗಿದ್ದ ಮಕ್ಕಳ ರಕ್ತದ ಸಕ್ಕರೆಯು, ಹಾಗಾಗದೆ ಪತ್ತೆಯಾದ ಮಕ್ಕಳಿಗಿಂತ ಅನೇಕ ವರ್ಷಗಳ ಅನಂತರವೂ ಹೆಚ್ಚಾಗಿಯೇ ಇತ್ತು. ಎಂದರೆ, ರೋಗವನ್ನು ಕೆಲವು ದಿನ ಮೊದಲು ಗುರುತಿಸುವುದರ ಫಲವು ಆ ವಾರಕ್ಕೆ ಮುಗಿಯುವುದಿಲ್ಲ.

ಹುಸಿ ನೆಮ್ಮದಿಯ ಕಾಲ

ಮನೆಗೆ ಬಂದ ಕೆಲವು ವಾರಗಳಲ್ಲಿ ಅನೇಕರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ದಿನದಿನಕ್ಕೆ ಇನ್ಸುಲಿನ್ನಿನ ಅಗತ್ಯ ಕಡಿಮೆಯಾಗುತ್ತ ಬರುತ್ತದೆ. ಕೆಲವರಿಗೆ ಅತ್ಯಲ್ಪ ಪ್ರಮಾಣವೇ ಸಾಕಾಗುತ್ತದೆ. ರೋಗವು ಬಿಟ್ಟುಹೋಯಿತೆಂದು ಮನೆಯವರು ಹಿಗ್ಗುತ್ತಾರೆ. ಅದೇ ಸಮಯದಲ್ಲಿ ಯಾರಾದರೂ ಕೊಟ್ಟ ಕಷಾಯವನ್ನೋ ಪುಡಿಯನ್ನೋ ಸೇವಿಸುತ್ತಿದ್ದರೆ ಕೀರ್ತಿಯೆಲ್ಲ ಅದಕ್ಕೆ ಸಲ್ಲುತ್ತದೆ.

ನಿಜಸ್ಥಿತಿಯೇ ಬೇರೆ. ರೋಗವು ಬಯಲಾಗುವ ಹೊತ್ತಿಗೆ ಇನ್ಸುಲಿನ್ ತಯಾರಿಸುವ ಕೋಶಗಳಲ್ಲಿ ಬಹುಭಾಗ ನಾಶವಾಗಿದ್ದರೂ ಸ್ವಲ್ಪ ಭಾಗ ಉಳಿದಿರುತ್ತದೆ. ಅತಿಯಾದ ಸಕ್ಕರೆಯ ಹೊರೆಯಿಂದ ಅವು ದಣಿದು ಸುಮ್ಮನಾಗಿರುತ್ತವೆ. ಹೊರಗಿನ ಇನ್ಸುಲಿನ್ ಆ ಹೊರೆಯನ್ನು ಇಳಿಸಿದಾಗ ಅವು ಚೇತರಿಸಿಕೊಂಡು ಮತ್ತೆ ಕೆಲಸ ಮಾಡತೊಡಗುತ್ತವೆ. ಈ ಕಾಲವು ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ, ಅಪರೂಪವಾಗಿ ಒಂದು ವರ್ಷಕ್ಕೂ ಮಿಗಿಲಾಗಿ ಇರಬಹುದು. ಆದರೆ ಕೋಶಗಳ ನಾಶವು ಒಳಗೊಳಗೇ ನಡೆದಿರುತ್ತದೆ. ಒಂದು ದಿನ ಈ ನೆಮ್ಮದಿ ಮುಗಿಯಲೇಬೇಕು. ಈ ಅವಧಿಯಲ್ಲಿ ಇನ್ಸುಲಿನ್ನನ್ನು ಕೈಬಿಟ್ಟವರು, ಜ್ವರವೋ ಭೇದಿಯೋ ಬಂದ ದಿನ ಮತ್ತೆ ಅದೇ ಆಪತ್ತಿನ ಬಾಗಿಲಿಗೆ ಬರುತ್ತಾರೆ. ಪ್ರಮಾಣವನ್ನು ವೈದ್ಯರ ಸಲಹೆಯಂತೆ ಇಳಿಸಬಹುದು, ಪೂರ್ಣವಾಗಿ ನಿಲ್ಲಿಸಬಾರದು. ಮೊದಲನೆಯ ಬಗೆಯ ಮಧುಮೇಹವನ್ನು ವಾಸಿಮಾಡಬಲ್ಲ ಕಷಾಯವಾಗಲಿ ಪಥ್ಯವಾಗಲಿ ಇದುವರೆಗೆ ಕಂಡುಬಂದಿಲ್ಲ. ಆಪತ್ತು ವಾಸಿಯಾಗುತ್ತದೆ, ಆಪತ್ತಿನ ಕಾರಣ ವಾಸಿಯಾಗುವುದಿಲ್ಲ. ಮುಂದಿನ ಜೀವನವೆಲ್ಲವೂ ಈ ಒಂದು ಮಾತನ್ನು ಅರಿತು ನಡೆಯುವುದರ ಮೇಲೆ ನಿಂತಿದೆ.

ಎರಡನೆಯ ಸಲ ಬಾರದಂತೆ

ಕೀಟೋ ಆಮ್ಲತೆಯು ಮರುಕಳಿಸುವುದಕ್ಕೆ ಮುಖ್ಯ ಕಾರಣಗಳು ಎರಡು: ಇನ್ಸುಲಿನ್ ತಪ್ಪುವುದು, ಮತ್ತು ಸೋಂಕು. ಜ್ವರ ಬಂದಾಗ ಊಟ ಸೇರುವುದಿಲ್ಲ. ಊಟವಿಲ್ಲದ ಮೇಲೆ ಇನ್ಸುಲಿನ್ ಏಕೆ ಎಂದು ಅನೇಕರು ಅದನ್ನು ಬಿಡುತ್ತಾರೆ. ಇದಕ್ಕಿಂತ ಅಪಾಯಕರವಾದ ತಪ್ಪುಕಲ್ಪನೆ ಇನ್ನೊಂದಿಲ್ಲ. ಜ್ವರದಲ್ಲಿ ದೇಹವು ಇನ್ಸುಲಿನ್ನಿಗೆ ವಿರುದ್ಧವಾದ ಹಾರ್ಮೋನುಗಳನ್ನು ಹೆಚ್ಚಾಗಿ ಸುರಿಸುತ್ತದೆ. ಆದುದರಿಂದ ಉಪವಾಸವಿದ್ದರೂ ಇನ್ಸುಲಿನ್ನಿನ ಅವಶ್ಯಕತೆ ಎಷ್ಟೋ ಸಲ ಹೆಚ್ಚುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಇದಕ್ಕಾಗಿ ವೈದ್ಯರು ಕಾಯಿಲೆಯ ದಿನಗಳಿಗೆಂದು ಕೆಲವು ನಿಯಮಗಳನ್ನು ಕಲಿಸುತ್ತಾರೆ. ದೀರ್ಘಕಾಲ ಕೆಲಸಮಾಡುವ ಇನ್ಸುಲಿನ್ನನ್ನು ಎಂದೂ ಬಿಡಬಾರದು. ಮೂರು ನಾಲ್ಕು ಗಂಟೆಗಳಿಗೊಮ್ಮೆ ರಕ್ತದ ಸಕ್ಕರೆಯನ್ನೂ ಕೀಟೋನನ್ನೂ ಪರೀಕ್ಷಿಸಬೇಕು. ನೀರು, ತಿಳಿಗಂಜಿ ಮೊದಲಾದ ದ್ರವಗಳನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತಿರಬೇಕು. ವಾಂತಿ ನಿಲ್ಲದಿದ್ದರೆ, ಉಸಿರು ಆಳವಾದರೆ, ಮಂಪರು ಕವಿದರೆ, ಅಥವಾ ರಕ್ತದ ಕೀಟೋನು ಲೀಟರಿಗೆ 3 ಮಿಲಿಮೋಲ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಎರಡನೆಯ ಬಗೆಯ ಮಧುಮೇಹವಿರುವವರಿಗೂ ಈ ಆಪತ್ತು ಬರುವುದುಂಟು. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಡಾಪಾಗ್ಲಿಫ್ಲೋಜಿನ್ ಮೊದಲಾದ ಗುಳಿಗೆಗಳನ್ನು ಸೇವಿಸುವವರಲ್ಲಿ ಸಕ್ಕರೆ ಅಷ್ಟಾಗಿ ಏರದೆಯೇ ಆಮ್ಲತೆ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2015ರಲ್ಲಿ ಎಚ್ಚರಿಸಿತು.

ಮರುಕಳಿಸುವಿಕೆಯ ಬೆಲೆ ಎಷ್ಟೆಂಬುದನ್ನು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಆಸ್ಪತ್ರೆಯ ದಾಖಲೆಗಳು ತೋರಿಸುತ್ತವೆ. 2016ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಒಂದೇ ಸಲ ಕೀಟೋ ಆಮ್ಲತೆಯಿಂದ ಆಸ್ಪತ್ರೆ ಸೇರಿದವರಲ್ಲಿ ಸುಮಾರು ನಾಲ್ಕು ವರ್ಷಗಳೊಳಗೆ ಮರಣ ಹೊಂದಿದವರು ನೂರಕ್ಕೆ 5 ಮಂದಿ. ಐದಕ್ಕಿಂತ ಹೆಚ್ಚು ಸಲ ಸೇರಿದವರಲ್ಲಿ ನೂರಕ್ಕೆ 23 ಮಂದಿ. ಹೀಗೆ ಪದೇ ಪದೇ ಬರುವವರಲ್ಲಿ ಹಲವರು ತರುಣರು. ಅವರ ಹಿಂದೆ ಬಡತನ, ಒಂಟಿತನ, ಖಿನ್ನತೆ ಮೊದಲಾದ ಕಾರಣಗಳು ಅಡಗಿರುತ್ತವೆ. ಕೆಲವು ಹುಡುಗಿಯರು ತೂಕ ಹೆಚ್ಚುವುದೆಂಬ ಅಂಜಿಕೆಯಿಂದ ಇನ್ಸುಲಿನ್ನನ್ನು ಗುಟ್ಟಾಗಿ ಕಡಿಮೆಮಾಡುವುದೂ ಉಂಟು. ಇಂಥವರನ್ನು ಗದರಿಸಿ ಫಲವಿಲ್ಲ. ಕಾರಣವನ್ನು ಹುಡುಕಿ ಅದಕ್ಕೆ ಪರಿಹಾರ ಒದಗಿಸುವುದು ಚಿಕಿತ್ಸೆಯ ಭಾಗವೇ ಆಗಿದೆ.

ದೂರದ ದಾರಿ

ಕೀಟೋ ಆಮ್ಲತೆಯು ದಿನಗಳಲ್ಲಿ ಕೊಲ್ಲುವ ಶತ್ರುವಾದರೆ, ಅಧಿಕವಾದ ಸಕ್ಕರೆಯು ವರ್ಷಗಳಲ್ಲಿ ಕೊರೆಯುವ ಗೆದ್ದಲು. ಅದು ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸಿ ಕಣ್ಣಿನ ಅಕ್ಷಿಪಟ, ಮೂತ್ರಪಿಂಡ ಮತ್ತು ನರಗಳಿಗೆ ಹಾನಿಮಾಡುತ್ತದೆ. ದೊಡ್ಡ ರಕ್ತನಾಳಗಳನ್ನು ಕೆಡಿಸಿ ಹೃದಯಕ್ಕೆ ಹಾನಿಮಾಡುತ್ತದೆ. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಈ ಹಾನಿ ತಪ್ಪುವುದೇ ಎಂಬ ಪ್ರಶ್ನೆಯು ವೈದ್ಯರಲ್ಲಿ ಬಹುಕಾಲ ವಿವಾದಕ್ಕೆ ಕಾರಣವಾಗಿತ್ತು.

ಈ ವಿವಾದವನ್ನು ಮುಗಿಸಿದುದು ಅಮೆರಿಕ ಮತ್ತು ಕೆನಡಾಗಳಲ್ಲಿ 1983ರಿಂದ 1993ರವರೆಗೆ ನಡೆದ ಒಂದು ಮಹಾಪ್ರಯೋಗ. ಮೊದಲನೆಯ ಬಗೆಯ ಮಧುಮೇಹವಿದ್ದ 1,441 ಮಂದಿ ಅದರಲ್ಲಿ ಭಾಗವಹಿಸಿದರು. ಅವರನ್ನು ಎರಡು ಗುಂಪುಗಳನ್ನಾಗಿ ಮಾಡಿ, ಒಂದಕ್ಕೆ ಆಗಿನ ಸಾಮಾನ್ಯ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ದಿನಕ್ಕೆ ಮೂರು ಅಥವಾ ಹೆಚ್ಚು ಸಲ ಇನ್ಸುಲಿನ್, ಆಗಾಗ ರಕ್ತಪರೀಕ್ಷೆ ಮೊದಲಾದ ಬಿಗಿಯಾದ ಚಿಕಿತ್ಸೆಯನ್ನೂ ಕೊಟ್ಟರು. ಬಿಗಿ ಚಿಕಿತ್ಸೆಯ ಗುಂಪಿನಲ್ಲಿ ಕಣ್ಣಿನ ರೋಗ ಆರಂಭವಾಗುವ ಸಂಭವವು ನೂರಕ್ಕೆ 76ರಷ್ಟೂ ನರರೋಗವು ನೂರಕ್ಕೆ 60ರಷ್ಟೂ ಕಡಿಮೆಯಾದವು. ಮೂತ್ರಪಿಂಡದ ಹಾನಿಯೂ ಗಣನೀಯವಾಗಿ ಇಳಿಯಿತು. ಪ್ರಯೋಗವು ಮುಗಿದ ಮೇಲೂ ಅದೇ ಜನರನ್ನು ವೈದ್ಯರು ಗಮನಿಸುತ್ತ ಬಂದರು. ಅನಂತರ ಎರಡು ಗುಂಪುಗಳ ಸಕ್ಕರೆಯ ಮಟ್ಟವೂ ಹೆಚ್ಚು ಕಡಿಮೆ ಒಂದೇ ಆಯಿತು. ಆದರೂ ಮೊದಲು ಬಿಗಿಯಾಗಿದ್ದವರಿಗೆ ದೊರೆತ ರಕ್ಷಣೆ ವರ್ಷಗಟ್ಟಲೆ ಉಳಿಯಿತು. 2005ರಲ್ಲಿ ಪ್ರಕಟವಾದ ವರದಿಯಲ್ಲಿ ಹೃದಯ ಮತ್ತು ರಕ್ತನಾಳಗಳ ರೋಗವು ಅವರಲ್ಲಿ ನೂರಕ್ಕೆ 42ರಷ್ಟು ಕಡಿಮೆಯಾಗಿತ್ತು. ದೇಹವು ಒಳ್ಳೆಯ ವರ್ಷಗಳನ್ನು ನೆನಪಿಟ್ಟುಕೊಳ್ಳುತ್ತದೆಂದೇ ಇದರ ಅರ್ಥ.

ಹತೋಟಿಯನ್ನು ಅಳೆಯುವ ಬಗೆಯೂ ಸ್ವಾರಸ್ಯವಾಗಿದೆ. ಕೆಂಪು ರಕ್ತಕಣಗಳಲ್ಲಿರುವ ಹೀಮೋಗ್ಲೋಬಿನ್ನಿಗೆ ರಕ್ತದಲ್ಲಿನ ಸಕ್ಕರೆಯು ಮೆಲ್ಲಮೆಲ್ಲನೆ ಅಂಟಿಕೊಳ್ಳುತ್ತದೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನಗಳು. ಆದುದರಿಂದ ನೂರರಲ್ಲಿ ಎಷ್ಟು ಭಾಗ ಹೀಮೋಗ್ಲೋಬಿನ್ನಿಗೆ ಸಕ್ಕರೆ ಅಂಟಿದೆಯೆಂದು ನೋಡಿದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಲೆಕ್ಕ ಸಿಕ್ಕುತ್ತದೆ. ಇದಕ್ಕೆ ಎಚ್‌ಬಿಎ1ಸಿ ಪರೀಕ್ಷೆಯೆನ್ನುತ್ತಾರೆ. ಮೇಲೆ ಹೇಳಿದ ಪ್ರಯೋಗದಲ್ಲಿ ಸಾಮಾನ್ಯ ಚಿಕಿತ್ಸೆಯವರ ಪ್ರಮಾಣ ಸುಮಾರು 9, ಬಿಗಿ ಚಿಕಿತ್ಸೆಯವರದು ಸುಮಾರು 7. ಈ ಎರಡು ಅಂಕಿಗಳ ನಡುವಣ ಅಂತರದಲ್ಲಿಯೇ ಕಣ್ಣಿನ ಬೆಳಕು, ಮೂತ್ರಪಿಂಡದ ಆಯುಸ್ಸು ಅಡಗಿವೆ.

ಆದರೆ ಬಿಗಿಯಾದ ಹತೋಟಿಗೂ ಒಂದು ಸುಂಕವುಂಟು. ಇನ್ಸುಲಿನ್ ಹೆಚ್ಚಾದರೆ ಅಥವಾ ಊಟ ತಪ್ಪಿದರೆ ಸಕ್ಕರೆಯು ತೀರ ಇಳಿದು ಬೆವರು, ನಡುಕ, ತಡವರಿಕೆ, ಕೊನೆಗೆ ಎಚ್ಚರ ತಪ್ಪುವುದೂ ಸಂಭವಿಸುತ್ತದೆ. ಅದೇ ಪ್ರಯೋಗದಲ್ಲಿ ಬಿಗಿ ಚಿಕಿತ್ಸೆಯವರಿಗೆ ಇಂಥ ತೀವ್ರ ಪ್ರಸಂಗಗಳು ಸುಮಾರು ಮೂರು ಪಟ್ಟು ಹೆಚ್ಚಾಗಿದ್ದವು. ರೋಗಿಗೆ ಎಚ್ಚರವಿರುವಾಗ ಸುಮಾರು 15 ಗ್ರಾಂ, ಎಂದರೆ ಮೂರು ಟೀ ಚಮಚದಷ್ಟು ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷಗಳ ಮೇಲೆ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವನ ಬಾಯಿಗೆ ಏನನ್ನೂ ಹಾಕಬಾರದು. ಕೂಡಲೆ ವೈದ್ಯರ ನೆರವು ಪಡೆಯಬೇಕು.

ಬಾಳು ಹೇಗಿರಬಲ್ಲದು

ಇಷ್ಟೆಲ್ಲ ಎಚ್ಚರದ ನಡುವೆ ಸುಖವಾದ ಬಾಳು ಸಾಧ್ಯವೇ? ಇದಕ್ಕೆ ಇತಿಹಾಸವೇ ಉತ್ತರ ಹೇಳುತ್ತದೆ. ಅಮೆರಿಕದ ವಿದೇಶಾಂಗ ಸಚಿವರಾಗಿದ್ದ ಚಾರ್ಲ್ಸ್ ಇವಾನ್ಸ್ ಹ್ಯೂಸರ ಮಗಳು ಎಲಿಜಬೆತ್ ಹ್ಯೂಸ್ 1919ರಲ್ಲಿ, ತನ್ನ ಹನ್ನೊಂದನೆಯ ವಯಸ್ಸಿನಲ್ಲಿ ಈ ರೋಗಕ್ಕೆ ತುತ್ತಾದಳು. ಇನ್ಸುಲಿನ್ ಇಲ್ಲದ ಆ ಕಾಲದಲ್ಲಿ ಕೀಟೋ ಆಮ್ಲತೆಯನ್ನು ಮುಂದೂಡಲು ಇದ್ದ ಒಂದೇ ಉಪಾಯ ಅರೆಹೊಟ್ಟೆಯ ಪಥ್ಯ. ಮೂರು ವರ್ಷ ಹಾಗೆ ಜೀವ ಹಿಡಿದುಕೊಂಡಿದ್ದು, 1922ರ ಆಗಸ್ಟಿನಲ್ಲಿ ಬ್ಯಾಂಟಿಂಗರ ಬಳಿಗೆ ಬಂದಾಗ ಆಕೆಯ ತೂಕ ಸುಮಾರು 20 ಕಿಲೋಗ್ರಾಂ. ಇನ್ಸುಲಿನ್ ದೊರೆತ ಮೇಲೆ ಆಕೆ ಕಾಲೇಜಿನಲ್ಲಿ ಓದಿ ಪದವಿ ಪಡೆದಳು, ಮದುವೆಯಾದಳು, ಮೂರು ಮಕ್ಕಳ ತಾಯಿಯಾದಳು. 1981ರಲ್ಲಿ ಕಾಲವಾಗುವ ವೇಳೆಗೆ ಆಕೆ ತೆಗೆದುಕೊಂಡಿದ್ದ ಚುಚ್ಚುಮದ್ದುಗಳು ಸುಮಾರು 42,000. ಲಂಡನ್ನಿನ ವೈದ್ಯ ರಾಬರ್ಟ್ ಲಾರೆನ್ಸ್ 1920ರಲ್ಲಿ ತನಗೆ ಮಧುಮೇಹವಿರುವುದನ್ನು ಅರಿತು, ಇನ್ನು ಸಾವೇ ಗತಿಯೆಂದು ಇಟಲಿಯ ಫ್ಲಾರೆನ್ಸ್ ನಗರಕ್ಕೆ ಹೋಗಿದ್ದನು. 1923ರಲ್ಲಿ ಇನ್ಸುಲಿನ್ ದೊರೆತ ಸುದ್ದಿ ತಂತಿಯ ಮೂಲಕ ಬಂದಿತು. ಹಿಂದಿರುಗಿ ಚಿಕಿತ್ಸೆ ಪಡೆದ ಆತನು 1968ರವರೆಗೆ ಬದುಕಿ, ಸಾವಿರಾರು ಮಧುಮೇಹಿಗಳಿಗೆ ವೈದ್ಯನೂ ಗುರುವೂ ಆದನು.

ಈ ಇಬ್ಬರ ಕಾಲದಲ್ಲಿ ಸೂಜಿಗಳನ್ನು ಕುದಿಸಿ ಬಳಸಬೇಕಾಗಿತ್ತು. ಮನೆಯಲ್ಲಿ ರಕ್ತವನ್ನು ಪರೀಕ್ಷಿಸುವ ಸಾಧನವೇ ಇರಲಿಲ್ಲ. ಇಂದು ಕೂದಲಿನಷ್ಟು ಸಣ್ಣ ಸೂಜಿಯ ಪೆನ್ನುಗಳಿವೆ, ಬೆರಳ ತುದಿಯ ಒಂದು ಹನಿ ರಕ್ತದಿಂದ ಸಕ್ಕರೆಯನ್ನು ಕ್ಷಣಗಳಲ್ಲಿ ತಿಳಿಸುವ ಯಂತ್ರಗಳಿವೆ, ಚರ್ಮಕ್ಕೆ ಅಂಟಿಸಿಕೊಂಡರೆ ಹಗಲಿರುಳೂ ಅಳೆಯುವ ಸಾಧನಗಳೂ ಇವೆ. ಆಟ, ಓದು, ಉದ್ಯೋಗ, ಮದುವೆ, ಮಕ್ಕಳು, ಇವುಗಳಿಗೆ ಈ ರೋಗವು ಅಡ್ಡಿಯಲ್ಲ; ಪ್ರತಿಯೊಂದಕ್ಕೂ ಮುಂಚಿತವಾದ ಯೋಚನೆ ಬೇಕು, ಅಷ್ಟೆ. ನಮ್ಮ ಹಳ್ಳಿಗಳಲ್ಲಿ ಶೀತಕ ಪೆಟ್ಟಿಗೆಯಿಲ್ಲದವರು ನೀರು ತುಂಬಿದ ಮಣ್ಣಿನ ಮಡಕೆಯಲ್ಲಿ ಇನ್ನೊಂದು ಪಾತ್ರೆಯನ್ನಿಟ್ಟು ಇನ್ಸುಲಿನ್ನನ್ನು ತಂಪಾಗಿ ಕಾಪಾಡುವುದುಂಟು. ಮಡಕೆಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆಂಬ ಭೌತಶಾಸ್ತ್ರದ ಪಾಠವೇ ಇಲ್ಲಿ ಪ್ರಾಣರಕ್ಷಕವಾಗಿದೆ.

ಆದರೂ ದಿನಕ್ಕೆ ಹಲವು ಸಲ ಅಳೆದು, ಲೆಕ್ಕಹಾಕಿ, ಚುಚ್ಚಿಕೊಳ್ಳುವ ಈ ಕೆಲಸಕ್ಕೆ ರಜೆಯೇ ಇಲ್ಲವೆಂಬುದನ್ನು ಮರೆಯಬಾರದು. ಬೇಸರ, ಸಿಟ್ಟು, ಸೋತೆನೆಂಬ ಭಾವನೆ ಬರುವುದು ಸಹಜ. ಒಮ್ಮೆ ಸಾವಿನ ಸಮೀಪಕ್ಕೆ ಹೋಗಿಬಂದವನಿಗೂ ಅವನ ತಾಯಿತಂದೆಗಳಿಗೂ ಆ ರಾತ್ರಿಯ ಭಯ ಬಹುಕಾಲ ಉಳಿಯುತ್ತದೆ. ಮನಸ್ಸಿನ ಈ ಹೊರೆಯನ್ನು ಹಂಚಿಕೊಳ್ಳುವ ಸ್ನೇಹಿತರಿದ್ದಲ್ಲಿ ಹತೋಟಿಯೂ ಸುಲಭವಾಗುತ್ತದೆ. ತರಗತಿಯಲ್ಲಿ ಸೂಜಿ ತೆಗೆದ ಸಹಪಾಠಿಯನ್ನು ಕಂಡು ನಗದಿರುವುದು, ಆತನು ನಡುವೆ ಎದ್ದು ಏನಾದರೂ ತಿನ್ನಬೇಕಾದಾಗ ಆಕ್ಷೇಪಿಸದಿರುವುದು, ಇವು ಚಿಕ್ಕ ಉಪಕಾರಗಳಲ್ಲ.

ವಿದ್ಯಾರ್ಥಿಗಳು ಮಾಡಬಹುದಾದುದು

ಕೊನೆಯದಾಗಿ ಇಟಲಿಯ ಪಾರ್ಮಾ ಪ್ರಾಂತದ ಒಂದು ಉದಾಹರಣೆಯನ್ನು ನೋಡೋಣ. ಅಲ್ಲಿ ಹೊಸದಾಗಿ ಮಧುಮೇಹ ಪತ್ತೆಯಾಗುತ್ತಿದ್ದ ಮಕ್ಕಳಲ್ಲಿ ನೂರಕ್ಕೆ 78 ಮಂದಿ ಕೀಟೋ ಆಮ್ಲತೆಯ ಸ್ಥಿತಿಯಲ್ಲಿಯೇ ಆಸ್ಪತ್ರೆಗೆ ಬರುತ್ತಿದ್ದರು. 1991ರಿಂದ ಅಲ್ಲಿನ ವೈದ್ಯರು ಶಾಲೆಗಳ ಗೋಡೆಗಳ ಮೇಲೆ ಭಿತ್ತಿಪತ್ರಗಳನ್ನು ಅಂಟಿಸಿದರು. ಹೆಚ್ಚು ಬಾಯಾರಿಕೆ, ಹೆಚ್ಚು ಮೂತ್ರ, ರಾತ್ರಿ ಹಾಸಿಗೆ ಒದ್ದೆಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಒದ್ದೆಮಾಡುವುದು, ಈ ಚಿಹ್ನೆಗಳಷ್ಟೇ ಅದರಲ್ಲಿದ್ದುವು. ಮಕ್ಕಳ ವೈದ್ಯರಿಗೂ ಸುಲಭವಾದ ಪರೀಕ್ಷಾಸಾಧನಗಳನ್ನು ಒದಗಿಸಿದರು. ಕೆಲವೇ ವರ್ಷಗಳಲ್ಲಿ 78 ಇದ್ದ ಸಂಖ್ಯೆಯು ಹನ್ನೆರಡೂವರೆಗೆ ಇಳಿಯಿತು. ಹೊಸ ಔಷಧವಿಲ್ಲ, ದೊಡ್ಡ ಯಂತ್ರವಿಲ್ಲ. ತಿಳಿವಳಿಕೆಯೊಂದರಿಂದಲೇ ಇಷ್ಟು ಸಾಧ್ಯವಾಯಿತು.

ನಿಮ್ಮ ಮನೆಯಲ್ಲಿ ಒಬ್ಬ ತಮ್ಮನೋ ತಂಗಿಯೋ ಇದ್ದಕ್ಕಿದ್ದಂತೆ ಬಿಂದಿಗೆಗಟ್ಟಲೆ ನೀರು ಕುಡಿಯತೊಡಗಿ, ಚೆನ್ನಾಗಿ ಉಂಡರೂ ಸೊರಗುತ್ತಿದ್ದರೆ, ಬಿಸಿಲಿನ ಬೇಗೆಯೆಂದೋ ದೃಷ್ಟಿಯೆಂದೋ ಸುಮ್ಮನಿರದೆ ಅಂದೇ ಒಂದು ಹನಿ ರಕ್ತವನ್ನು ಪರೀಕ್ಷೆ ಮಾಡಿಸಿರಿ. ಈಗಾಗಲೇ ಆ ಆಪತ್ತನ್ನು ದಾಟಿ ಬಂದವರು ನಿಮ್ಮ ನಡುವೆ ಇದ್ದರೆ ಅವರನ್ನು ರೋಗಿಗಳೆಂದು ದೂರವಿಡದೆ, ಅವರ ಚೀಲದಲ್ಲಿ ಇನ್ಸುಲಿನ್ನೂ ಸ್ವಲ್ಪ ಸಕ್ಕರೆಯೂ ಇವೆಯೇ ಎಂದು ವಿಚಾರಿಸಿರಿ. ಲಿಯೊನಾರ್ಡ್ ಥಾಮ್ಸನನು ಇನ್ಸುಲಿನ್ ದೊರೆತ ಮೇಲೆ ಹದಿಮೂರು ವರ್ಷ ಬಾಳಿ, 1935ರಲ್ಲಿ ಶ್ವಾಸಕೋಶದ ಉರಿಯೂತದಿಂದ ತೀರಿಕೊಂಡನು. ಅಂದಿನ ವೈದ್ಯರಿಗೆ ಅಷ್ಟನ್ನು ಕೊಡುವುದೇ ಪವಾಡವಾಗಿತ್ತು. ಇಂದು ಅದೇ ಆಪತ್ತಿನಿಂದ ಪಾರಾದ ಬಾಲಕನು ಮೊಮ್ಮಕ್ಕಳನ್ನು ನೋಡುವಷ್ಟು ಕಾಲ ಬದುಕಬಹುದು. ಅದಕ್ಕೆ ಬೇಕಾದುದು ಪ್ರತಿದಿನವೂ ತಪ್ಪದ ಇನ್ಸುಲಿನ್, ಅದನ್ನು ಕೊಳ್ಳುವ ಅನುಕೂಲ, ಮತ್ತು ಸುತ್ತಲಿನವರ ತಿಳಿವಳಿಕೆ. ಈ ಮೂರರಲ್ಲಿ ಕೊನೆಯದು ನಮ್ಮೆಲ್ಲರ ಕೈಯಲ್ಲಿದೆ.